ಎತ್ತಿಸ್ಲಾ, ಇಗ್ನಾತ್ ಲ್ವೋವಿಚ್?

...ಅಲ್ಲ, ಹಾಗೆ ಬಾಗಿಲ ಕಡೆ ನೋಡಿದ್ರೆ ಏನು ಬಂತು? ಯಾರೂ ಬರಲ್ಲ. ಇವತ್ತು ಸಂಜೆ ಡ್ಯೂಟಿ ಡಾಕ್ಟರು ಎಲ್ವೀರಾನೇ ಇರ್ಬೇಕಿತ್ತು, ನಿಜ. ನಾನೇ ಕೇಳಿ ಬದಲಾಯಿಸ್ಕೊಂಡೆ. 'ಹೋಗಮ್ಮ, ಮಗಳ ಹುಟ್ಟುಹಬ್ಬ ಮಾಡ್ಕೋ ಹೋಗು, ಇಗ್ನಾತ್ ಲ್ವೋವಿಚ್ ಅವರನ್ನ ನಾನು ನೋಡ್ಕೋತೀನಿ' ಅಂದೆ. ಎಷ್ಟು ಖುಷಿಯಾಯ್ತು ಪಾಪ ಅವಳಿಗೆ! ನನಗೂ ಆಯ್ತು. ಯಾಕೆ ಅಂತೀರಾ? ಹೇಳ್ತೀನಿ, ಹೇಳ್ತೀನಿ, ಏನವಸರ... ನೀವಂತೂ ಎದ್ದು ಹೋಗೋ ಹಾಗಿಲ್ಲ!

ಬಾಯಿ ತೆಗೀರಿ. ಕೆಫೀರ್ ಮಜ್ಜಿಗೆ. ಸ್ವಲ್ಪ ಹುಳಿಯಾಗಿದೆ, ಕುಡೀರಿ. ಇರಿ, ಗಲ್ಲದ ಮೇಲೆ ಸುರೀತು, ಒರೆಸ್ತೀನಿ... ಅಯ್ಯೋ, ಮುಖ ತಿರುಗಿಸ್ತೀರಲ್ಲ! ಮೂರನೇ ದಿನಕ್ಕೇ ಊಟ ಸೇರ್ತಿಲ್ವಾ? ಸರಿ ಬಿಡಿ, ನನಗೇನು.

ಎಷ್ಟು ಚೆನ್ನಾಗಿ ಪಾಠ ಮಾಡ್ತಿದ್ರಿ ನೀವು! 'ತೊಟ್ಟಿ ತುಂಬ ಬೆಚ್ಚಗಿನ ನೀರು, ಅದರ ಮೇಲೆ ನೀರಿಳಿಯದ ದೊಡ್ಡ ಬಟ್ಟೆ, ಆ ಬಟ್ಟೆಯೊಳಗೆ ಮನುಷ್ಯ. ಮೈ ಒದ್ದೆಯಾಗಲ್ಲ, ಮುಖ ಒಂದೇ ಹೊರಗೆ. ಬೆನ್ನಿಗೆ ಆಸರೆ ಇಲ್ಲ, ಕಾಲಿಗೆ ನೆಲ ಇಲ್ಲ, ದೇಹಕ್ಕೆ ತನ್ನ ತೂಕವೇ ಮರೆತುಹೋಗುತ್ತೆ. ಮಾಸ್ಕೋದಲ್ಲೇ ಮಲಗಿ ಆಕಾಶಕ್ಕೆ ಹೋಗಿಬಂದ ಹಾಗೆ!' ಹುಡುಗರು ಬಾಯಿಬಿಟ್ಕೊಂಡು ಕೇಳ್ತಿದ್ರು. ಸೊಂಟದ ವಿಷಯ ಮಾತ್ರ ನೀವು ಹೇಳ್ತಿರ್ಲಿಲ್ಲ. ಮೂರನೇ ದಿನ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಲ್ಲ, ಅದು... ಹಿಂಡ್ತಿದೆಯಾ? ಈಗ? ಹಣೆ ಎಲ್ಲ ಬೆವರು ನೋಡಿ! ತುಂಬಾ ಸಂತೋಷ. ನಿಜವಾಗ್ಲೂ, ತುಂಬಾ ಸಂತೋಷ.

ನಿಮ್ಮ ಭಾಮೈದ ದುಡ್ಡು ಕಟ್ಟಿ, ತೂಕ ಇಲ್ಲದ ಹಾಗೆ ತೇಲಿಸೋ ಆ ದೊಡ್ಡ ವಿಮಾನ ಹತ್ತಿ ಬಂದನಲ್ಲ, ಅವನು ಹೇಳ್ತಿದ್ದ, ತೇಲೋದು ಅಂದ್ರೆ ಸ್ವರ್ಗವಂತೆ! ವಿಮಾನ ಮೇಲೇರಿ ಬೀಳೋವಾಗ ಅರ್ಧ ನಿಮಿಷ ಗಾಳೀಲಿ ಲಾಗ ಹಾಕೋದು, ಕಿರುಚೋದು, ವಾಂತಿ ಮಾಡ್ಕೊಳ್ಳೋದು, ಫೋಟೋ ತೆಗೆಸ್ಕೊಳ್ಳೋದು. ಅವರಿಗೆ ಅದು ಮೋಜು. ನಮಗೆ ಏಳು ದಿನ, ಅಲ್ವಾ? ಮಿಸುಕಾಡದೆ ಏಳು ದಿನ.

ಸರಿ.

ನಮ್ಮ ಸಂಸ್ಥೆಯ ಪದ್ಧತಿ ಮಾತ್ರ ನನಗೆ ತುಂಬಾ ಇಷ್ಟ. ಬೇರೆಯವರನ್ನ ತೊಟ್ಟಿಗೆ ಇಳಿಸೋ ಮುಂಚೆ ಪ್ರಯೋಗದ ಮುಖ್ಯಸ್ಥ ತಾನು ಇಳೀಬೇಕು. ಏಳು ದಿನ ಮುಗಿಸಿದ್ರೆ ಆ ದೊಡ್ಡ ಪ್ರಯೋಗ ನಿಮ್ಮದು. ಜೀವಮಾನವೆಲ್ಲ ಕಾದಿದ್ದು! ಮುಗಿಸದಿದ್ರೆ... ಇನ್ಯಾರದ್ದೋ ಪಾಲು. ಹೌದು ತಾನೆ? ಯಾಕೆ ರೆಪ್ಪೆ ಮುಚ್ಚಿದ್ರಿ? ತೆಗೀರಿ ಕಣ್ಣು. ನನ್ನನ್ನ ನೋಡಿ.

ನಾನೂ ಇದೇ ತೊಟ್ಟಿಲಿ ಮಲಗಿದ್ದೆ.

ಮರೆತಿಲ್ಲ ತಾನೆ? ಗಗನಯಾತ್ರಿಗಳ ಆಯ್ಕೆಲಿ ಕೊನೆಗೆ ಉಳಿದಿದ್ದ ಹೆಂಗಸು ನಾನೊಬ್ಬಳೇ. ಅಮ್ಮ ಆಗ್ಲೇ ಓಣಿಗೆಲ್ಲ ಹೇಳಿಬಿಟ್ಟಿದ್ಲು, 'ನಮ್ಮ ಕ್ಲಾವಾ ಮೇಲೆ ಹೋಗ್ತಾಳೆ' ಅಂತ. ಏಳೇ ದಿನ ಬಾಕಿ! ಮೂರನೇ ದಿನ ಸಂಜೆ ಡ್ಯೂಟಿಗೆ ನೀವು ಬಂದ್ರಿ. ಇಲ್ಲೇ ಕೂತ್ರಿ. ಬಹಳ ಹೊತ್ತು ನನ್ನ ಮುಖ ನೋಡಿದ್ರಿ. ಆಮೇಲೆ ಗುಂಡಿ ಒತ್ತಿದ್ರಿ! ಅಷ್ಟೆ! ಕೆಳಗಿನ ಹಲಗೆ ಎದ್ದು ಬೆನ್ನಿಗೆ ತಾಗ್ತು, ಮೈಭಾರವೆಲ್ಲ ಒಂದೇ ಸಲ ವಾಪಸ್ ಬಂತು... ಆಯ್ಕೆ ಸಮಿತಿಯವರಿಗೆ ಯಾರು ಒತ್ತಿದ್ರು ಅನ್ನೋದೆಲ್ಲ ಬೇಕಿರ್ಲಿಲ್ಲ. ಏಳು ದಿನ ಆಗ್ಲಿಲ್ಲ, ಮನೆಗೆ ಹೋಗಮ್ಮ ಅಂದ್ರು.

ನಾನು ಕೇಳಿದ್ನಾ? ಎತ್ತಿ ಅಂದ್ನಾ? ಒಂದು ಮಾತು? ಒಂದು ನರಳಾಟ? ನಿಯಮ ನಿಮಗೆ ಗೊತ್ತಿಲ್ದೇ ಇದೆಯಾ! ಮಲಗಿದವರು ಬಾಯಿಬಿಟ್ಟು 'ಎತ್ತಿ' ಅಂದ್ರೆ ಸೋತದ್ದು ಅವರು. ಡಾಕ್ಟರು ತಾವಾಗೇ ಎತ್ತಿದ್ರೆ ಹೊಣೆ ಡಾಕ್ಟರದ್ದು. ನೀವು ನೀವಾಗೇ ಎತ್ತಿದ್ರಿ! ಇಡೀ ಸಂಸ್ಥೆಗೆ ಗೊತ್ತು ಅದು. ನಾನೇ ಹೇಳಿದೀನಿ. ಕ್ಯಾಂಟೀನಲ್ಲಿ ಹೇಳಿದೀನಿ, ಮೀಟಿಂಗಲ್ಲಿ ಹೇಳಿದೀನಿ, ನಿಮ್ಮ ಹೆಂಡತಿಗೂ ಮುಖದ ಮೇಲೇ ಹೇಳಿದೀನಿ. 'ನಾನು ಏಳು ದಿನ ಅಲ್ಲ, ಹದಿನಾಲ್ಕು ದಿನ ಬೇಕಾದ್ರೂ ಮಲಗ್ತಿದ್ದೆ, ನಿನ್ನ ಗಂಡ ನನ್ನ ಬಾಳಿಗೆ ಕಲ್ಲು ಹಾಕಿದ' ಅಂತ. ನೀವು ಒಂದು ದಿನಾನೂ ಎದುರಾಡ್ಲಿಲ್ಲ. ಏನಂತ ಆಡ್ತೀರಿ? ತಪ್ಪು ಮಾಡಿದವರಿಗೆ ಬಾಯಿ ಎಲ್ಲಿರುತ್ತೆ?

ಈಗ ಗುಂಡಿ ನನ್ನ ಕೈಲಿದೆ.

ಕಾಣ್ತಿದೆಯಾ? ಈ ಕಡೆ ಹಿಡೀತೀನಿ, ಚೆನ್ನಾಗಿ ನೋಡಿ. ಒತ್ತಿದ್ರೆ ಮುಗೀತು. ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ, 'ನಾನೇ ಎತ್ತಿಸ್ದೆ, ನನಗೆ ಸರಿ ಕಾಣ್ತು' ಅಂತ. ನನ್ನ ಕೆಲಸ ಹೋದ್ರೆ ಹೋಗ್ಲಿ. ನಿಮ್ಮ ಪ್ರಯೋಗವೂ ಹೋಗುತ್ತಲ್ಲ, ಅಷ್ಟು ಸಾಕು ನನಗೆ. ಹೊಟ್ಟೆ ತಣ್ಣಗಾಗುತ್ತೆ.

ಬೇಡ ಅನ್ನಿ.

ಅನ್ನಿ! 'ಬೇಡ ಕ್ಲಾವಾ, ನಿನ್ನ ಕಾಲು ಹಿಡೀತೀನಿ' ಅನ್ನಿ. ಇದನ್ನ ಕೇಳೋಕೇ ಹದಿನಾರು ವರ್ಷದಿಂದ ಕಾದಿದೀನಿ ನಾನು. ಎತ್ತಿಸ್ಲಾ, ಇಗ್ನಾತ್ ಲ್ವೋವಿಚ್? ಬೆರಳಿಟ್ಟಿದೀನಿ. ಒತ್ತೇಬಿಡ್ತೀನಿ ನೋಡಿ... ಇನ್ನೇನು ಒತ್ತಿದೆ... ಅರೆ, ಒಂದು ಮಾತಾದ್ರೂ ಆಡಿ! ಬೈರಿ! ನಿಮ್ಮ ಜೀವಮಾನದ ಕೆಲಸ ಹಾಳಾಗ್ತಿದೆ, ಸುಮ್ಮನೆ ಬಿದ್ದಿದ್ದೀರಲ್ಲ...

ಎಲ್ಲಿ ನೋಡ್ತಿದ್ದೀರಿ? ನನ್ನ ಮುಖ ನೋಡ್ತಿಲ್ಲ ನೀವು. ಗುಂಡಿ ನೋಡ್ತಿದ್ದೀರಿ.

ಅಯ್ಯೋ.

ಅಯ್ಯೋ, ಇಗ್ನಾತ್... ಇಗ್ನಾಶಾ... ನೀನು... ಒತ್ಲಿ ಅಂತ ಕಾಯ್ತಿದೀಯ.

ಇಲ್ಲ ಅನ್ಬೇಡ. ನನ್ನ ಹತ್ರ ಬೇಡ ಆ ನಾಟಕ. ನಾನು ಒತ್ತಿದ್ರೆ ನೀನು ಬಚಾವ್. 'ಆ ಹೆಂಗಸು ಹಗೆ ತೀರಿಸ್ಕೊಂಡ್ಲು, ಇಲ್ದಿದ್ರೆ ಮಲಗ್ತಿದ್ದೆ' ಅಂತ ಸಾಯೋವರೆಗೂ ಹೇಳ್ಕೊಂಡು ತಿರುಗಬಹುದು. ಹೇಗೆ ಗೊತ್ತು ಅಂತೀಯಾ? ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು! ಹಲ್ಲು ಕಚ್ಕೊಂಡು, ಕಣ್ಣು ಗುಂಡಿ ಮೇಲಿಟ್ಟು, 'ಒತ್ತೋ... ಒತ್ತಿಬಿಡೋ ಮಾರಾಯ... ನನ್ನ ಬಾಯಲ್ಲಿ ಹೇಳಿಸ್ಬೇಡ...' ಅಂತ ಒಳಗೊಳಗೇ...

ಹಾಗೆ ನೋಡ್ಬೇಡ. ನಾನೇನೂ ಹೇಳ್ಲಿಲ್ಲ.

ನಿನಗೆ ಗೊತ್ತಿತ್ತು. ಅವತ್ತೇ, ಅಷ್ಟು ಹೊತ್ತು ನನ್ನ ಮುಖ ನೋಡಿದ್ಯಲ್ಲ, ಅವಾಗ್ಲೇ ಗೊತ್ತಾಗಿತ್ತು ನಿನಗೆ. ಗೊತ್ತಾಗೇ ಒತ್ತಿದೆ. ಗೊತ್ತಿದ್ದೂ ಇಷ್ಟು ವರ್ಷ ನನ್ನಿಂದ ಉಗಿಸ್ಕೊಂಡೆ, ಒಂದ್ಸಲಾನೂ ಬಾಯಿಬಿಡ್ಲಿಲ್ಲ. ಯಾಕೋ? ಯಾರು ಹೇಳಿದ್ರು ನಿನಗೆ ದೊಡ್ಡ ಮನುಷ್ಯ ಆಗು ಅಂತ? ನಿನ್ನ ಕರುಣೆ ಕೇಳಿದ್ನಾ ನಾನು?

ಇಲ್ಲ. ಒತ್ತಲ್ಲ. ತಗೋ, ಕೈ ತೆಗೆದೆ. ನಾನು ನಿನ್ನಷ್ಟು ಒಳ್ಳೆಯವಳಲ್ಲ, ಇಗ್ನಾಶಾ. ಇಲ್ಲೇ ಕೂತಿರ್ತೀನಿ, ಎಲ್ಲೂ ಹೋಗಲ್ಲ. ಸೊಂಟ ಹಿಂಡ್ಲಿ. ಮೇಲೆ ಬರ್ಬೇಕು ಅಂದ್ರೆ ಬಾಯಿಬಿಟ್ಟು ಕೇಳು. 'ಎತ್ತು, ಕ್ಲಾವಾ.' ಎರಡೇ ಮಾತು. ತಕ್ಷಣ ಎತ್ತಿಸ್ತೀನಿ, ನನ್ನಾಣೆ.

ಕೇಳು.

...ತುಟಿ ಅಲ್ಲಾಡ್ತಿದೆ. ಹೇಳು, ಹೇಳು...

ಆಗಲ್ಲ, ಅಲ್ವಾ?

ನನಗೂ ಆಗ್ಲಿಲ್ಲ.