ಬ್ಯಾಲೆನ್ಸ್ ನಾಬ್ ಇಲ್ಲದ ಪ್ರೀಆಂಪ್

ಬೆಳಿಗ್ಗೆ ರುಬ್ಬುವಾಗಲೇ ಮಿಕ್ಸಿ ಕೈಕೊಟ್ಟಿತು. ಅದನ್ನು ಚೀಲಕ್ಕೆ ಹಾಕಿಕೊಂಡು ಬಂದ ಗೃಹಿಣಿ ಎಲೆಕ್ಟ್ರಾನಿಕ್ಸ್ ಅಂಗಡಿಯ ಬೆಂಚಿನ ಮೇಲೆ ರಿಪೇರಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಒಬ್ಬ ಅಪ್ಪ, ಅವನ ಹರೆಯದ ಮಗಳು. ಇಬ್ಬರ ಎದುರಿಗೆ ಎರಡು ಸ್ಪೀಕರ್‌ಗಳಿಗೆ ಹಾಡು ಹರಿಸುತ್ತಿದ್ದ ದುಬಾರಿ ಪೆಟ್ಟಿಗೆ, ಪ್ರೀಆಂಪ್.

“ಹಾಡೋರ ಉಸಿರೂ ಕೇಳಿಸುತ್ತೆ ಅಪ್ಪಾ! ಇದೇ ಇರ್ಲಿ.”

“ಚೆನ್ನಾಗೇನೋ ಇದೆ ಕಣೇ. ಎಡ-ಬಲದ ಸದ್ದು ಹೆಚ್ಚುಕಮ್ಮಿ ಮಾಡೋ ಬ್ಯಾಲೆನ್ಸ್ ನಾಬೇ ಇಲ್ವಲ್ಲ.”

“ಮೇಲ್ದರ್ಜೆಯದ್ರಲ್ಲಿ ಬೇಕಂತಲೇ ಬಿಡ್ತಾರೆ ಸಾರ್,” ಅಂದ ಅಂಗಡಿಯವನು. “ಎಡ, ಬಲ ಎರಡೂ ಸ್ಪೀಕರ್ ಸಮ ಇರ್ಬೇಕು ಅಂತ.”

“ನಂಗೆ ಬೇಕಪ್ಪ ಆ ನಾಬು.”

“ಎರಡು ವರ್ಷದಿಂದ ಈ ಪ್ರೀಆಂಪೇ ಬೇಕು ಅಂತ ಜಪ ಮಾಡ್ತಿದ್ದೋರು ಯಾರಪ್ಪಾ?”

“ಮನಸ್ಸು ಬದಲಾಯ್ತು ತಾಯೀ.”

“ಮನೇಲೂ ಅಷ್ಟೆ. ಯಾವಾಗ್ಲೂ ಎಡಗಡೆ ಸ್ಪೀಕರೇ ಜೋರು. ನಾನು ಸರಿಮಾಡಿದ್ರೆ ಮತ್ತೆ ಎಡಕ್ಕೇ ತಿರುಗಿಸ್ತೀಯ.”

“ಅದೊಂದು ಚಾಳಿ ಬಿಡು.”

ಹಾಡು ಮುಗಿದ ಮೇಲೆ ಮಗಳು ಅಪ್ಪನ ಎಡಕ್ಕೆ ಬಂದು ಮೆಲ್ಲಗೆ “ಅಪ್ಪಾ” ಅಂದಳು. ಬೆಂಚಿನ ತುದಿಯಲ್ಲಿದ್ದ ಗೃಹಿಣಿಗೂ ಅದು ಕೇಳಿಸಿತು. ಅಪ್ಪ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದ.

ಮಗಳು ಸುತ್ತು ಹಾಕಿ ಅವನ ಬಲಕ್ಕೆ ಬಂದು ಕೂತು, ಕೈ ಹಿಡಿದುಕೊಂಡಳು.

“ಅಪ್ಪಾ, ಎಡಗಿವಿ ಯಾವಾಗಿಂದ ಕೇಳಿಸ್ತಿಲ್ಲ?”