ವಿನೋದಕ್ಕನ ಲಾಗಿನ್

ನಗುವುದಾದರೆ ಈಗಲೇ ನಕ್ಕುಬಿಡಿ, ನಡುವಲ್ಲಿ ಬೇಡ. ಇದು ನನ್ನ ಚಿಕ್ಕಮ್ಮನ ಮಗ ಪ್ರಖ್ಯಾತನಿಗೆ ಆದದ್ದು. ಸುಳ್ಳು ಕಟ್ಟುವಷ್ಟು ಬುದ್ಧಿ ಅವನಿಗಿಲ್ಲ ಮಾರಾಯ್ರೆ, ಕಂಪ್ಯೂಟರ್ ಬಿಟ್ಟರೆ ಎಂತದೂ ಗೊತ್ತಿಲ್ಲ.

ಅವತ್ತು ನಮ್ಮೂರು ಕೆಮ್ಮಣ್ಣಿಗೆ ಬರುವ ಕೊನೆಯ ಬಸ್ಸಿಳಿದು ನಡೆದು ಬರುತ್ತಿದ್ದ. ವಿನೋದಕ್ಕನ ಮನೆಯ ಬಾವಿಯ ಹತ್ತಿರ ಬಂದಾಗ ಕಿಸೆಯಲ್ಲಿ ಫೋನು... ಝರ್ರ್... ಝರ್ರ್... ಐದು ಸಲ. ತೆಗೆದು ನೋಡಿದ. ಕೆಲಸದ ಜಾಗದ ಸರ್ವರ್ ಕಳಿಸಿದ ಸಂದೇಶ. ‘ವಿನೋದಾ: ಪ್ರವೇಶ ಇಲ್ಲ.’ ಐದೂ ಅದೇ.

ವಿನೋದಕ್ಕ ತೀರಿಹೋಗಿ ಆರು ದಿನ ಆಗಿತ್ತು.

ಮಣಿಪಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರದ್ದು ಇಪ್ಪತ್ತೆರಡು ವರ್ಷದ ಕೆಲಸ. ಪ್ರಖ್ಯಾತ ಎಂಟು ತಿಂಗಳು ಮನೆಯಲ್ಲಿ ಖಾಲಿ ಕೂತಿದ್ದಾಗ ಅಲ್ಲಿ ಸೇರಿಸಿದವರೂ ಅವರೇ. ಅಲ್ಲಿ ರಿಪೋರ್ಟಿಗೊಂದು, ಬಿಲ್ಲಿಗೊಂದು, ಸ್ಟಾಕಿಗೊಂದು ಅಂತ ಒಬ್ಬೊಬ್ಬರಿಗೆ ಐದೈದು ಪಾಸ್‌ವರ್ಡ್. ಇವನು ಸಿಂಗಲ್ ಸೈನ್-ಆನ್ ಕೂರಿಸಬೇಕಿತ್ತು. ಅಂದರೆ ಬೆಳಿಗ್ಗೆ ಒಮ್ಮೆ ಹೆಸರು ಹೇಳಿ ಒಳಗೆ ಬಂದರೆ ಸಾಕು, ಐದೂ ಬಾಗಿಲು ತೆರೆಯುತ್ತದೆ. ಎಲ್ಲರ ಹೆಸರು ಹಾಕಿದ, ವಿನೋದಕ್ಕನದ್ದು ತೆಗೆದ. ಸತ್ತವರ ಹೆಸರು ಇಟ್ಟುಕೊಳ್ಳುವುದಕ್ಕಿಲ್ಲ, ಅದು ನಿಯಮ.

ಆದರೆ ನಮ್ಮದೊಂದು ಕ್ರಮ ಉಂಟಲ್ವಾ? ಹದಿಮೂರನೆಯ ದಿನ ಬೊಜ್ಜ. ಆ ರಾತ್ರಿ ಸತ್ತವರನ್ನು ಹೆಸರು ಹಿಡಿದು ಮನೆಯೊಳಗೆ ಕರೆಯುವುದು. ಅಲ್ಲಿಯವರೆಗೆ ಅವರು ಹೊರಗೇ, ಮೊದಲು ಯಾರು ಒಳಗೆ ಕರೆದರೋ ಅಲ್ಲೇ ನಿಲ್ಲುತ್ತಾರೆ.

ಐದು ಸಲ ತಪ್ಪು ಲಾಗಿನ್ ಆದರೆ ಆ ಕಂಪ್ಯೂಟರಿಗೆ ಹನ್ನೆರಡು ಗಂಟೆ ಬೀಗ, ಇವನೇ ಮಾಡಿಟ್ಟದ್ದು. ಹಾಗಾಗಿ ಮರುದಿನ ಬೆಳಿಗ್ಗೆ ವಿನೋದಕ್ಕ ಕೂರುತ್ತಿದ್ದ, ರಕ್ತ ತೆಗೆಯುವ ಕೋಣೆಯ ಕಂಪ್ಯೂಟರ್ ಯಾರಿಗೂ ತೆರೆಯಲಿಲ್ಲ. ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ತಲೆ ತಿರುಗಿ ಬಿದ್ದರು. ಅದರ ಮರುದಿನವೂ ಅದೇ ಕತೆ. ಇವನು ಕೀಬೋರ್ಡ್ ಬದಲಿಸಿದ, ವಯರ್ ಕಿತ್ತ, ಕೋಣೆಗೇ ಬೀಗ ಹಾಕಿಸಿದ. ರಾತ್ರಿ ಹತ್ತೂಕಾಲಾದರೆ ಫೋನು... ಝರ್ರ್.

ಮ್ಯಾನೇಜರ್ ಖಂಡಿತ ಹೇಳಿಬಿಟ್ಟರು. ಸೋಮವಾರ ಎಲ್ಲ ಸರಿ ಓಡಬೇಕು, ಇಲ್ಲದಿದ್ದರೆ ಮಂಗಳವಾರದಿಂದ ಅವನು ಬರುವುದು ಬೇಡ. ಬೊಜ್ಜ ಇದ್ದದ್ದು ಬುಧವಾರ.

ಭಾನುವಾರ ರಾತ್ರಿ ಲ್ಯಾಪ್‌ಟಾಪ್ ಹಿಡಿದು ಆ ಕೋಣೆಯ ಹೊರಗೆ ಕೂತ. ಜೊತೆಗೆ ವಾಚ್‌ಮನ್ ಯಮನೂರ, ಯಾದಗಿರಿ ಕಡೆಯವನು. ಹತ್ತೂಕಾಲು... ಬೀಗ ಹಾಕಿದ ಕೋಣೆಯೊಳಗಿಂದ ಟಿಕ್, ಟಿಕ್, ಟಿಕ್... ಆರು ಸಲ. ಇಂಗ್ಲಿಷಿನಲ್ಲಿ ಅವರ ಹೆಸರಿಗೆ ಆರೇ ಅಕ್ಷರ. ಆಮೇಲೆ ಒಂಬತ್ತು. ಕೊನೆಗೆ ಒಂದು ಗಟ್ಟಿ... ಟಪ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಮೊದಲಿಂದ. ಅವಸರ ಇಲ್ಲ, ಸಿಟ್ಟೂ ಇಲ್ಲ.

“ವಿನೋದಕ್ಕಾರು ರೀ,” ಯಮನೂರ ಪಿಸುಗುಟ್ಟಿದ. “ಕಡೀ ಗುಂಡಿ ಹಂಗ ಜೋರು ಒತ್ತತಿದ್ರು.”

ಪ್ರಖ್ಯಾತ ಬೀಗ ಎಳೆದು ನೋಡಿದ, ಹಾಕಿದ ಹಾಗೇ ಇತ್ತು.

“ಪಾಪ, ದಿನಾ ಬಂದು ಬಾಗಲದಾಗ ನಿಂದರತಾರ. ಒಳಗ ಬಿಡ್ರಿ ಸರ.”

ಪ್ರಖ್ಯಾತನಿಗೆ ಬುಧವಾರದ ನೆನಪಾಯಿತಂತೆ. ಆದರೆ ಸೋಮವಾರ ಮೊದಲು ಬರುತ್ತದಲ್ಲ... ನಾನು ಅವನನ್ನು ಬೈಯುವುದಿಲ್ಲ, ಹೊಟ್ಟೆಪಾಡು. ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಅವರ ಹೆಸರು ಮತ್ತೆ ಹಾಕಿದ, ಹಳೆಯ ಪಾಸ್‌ವರ್ಡ್ ಸಮೇತ. ಒಳಗೆ ಆರು... ಒಂಬತ್ತು... ಟಪ್.

ಕರ್ರ್... ಕುರ್ಚಿ ಮುಂದೆ ಎಳೆದುಕೊಂಡ ಸದ್ದು. ಮತ್ತೆ ಎಲ್ಲ ಮೌನ. ಇವನ ಪರದೆಯ ಮೇಲೆ ಒಂದರ ಹಿಂದೆ ಒಂದು ಐದೂ ಬಾಗಿಲು ತೆರೆಯಿತು.

ಸೋಮವಾರ ಒಂದು ತಕರಾರಿಲ್ಲ. ಮ್ಯಾನೇಜರ್ ಚಹಾ ಕೊಡಿಸಿ, ಕೆಲಸ ಖಾಯಂ ಅಂದರು.

ಬುಧವಾರ ರಾತ್ರಿ ಬೊಜ್ಜದ ಮನೆಯಲ್ಲಿ ನಾನೂ ಇದ್ದೆ. ಒಳಕೋಣೆಯಲ್ಲಿ ಎಲೆ ಹಾಕಿ ಅನ್ನ, ಮೀನು, ಪಾಯಸ ಎಲ್ಲ ಬಡಿಸಿದ್ದರು. ವಿನೋದಕ್ಕನ ಒಬ್ಬಳೇ ಮಗಳು ಭವ್ಯಶ್ರೀ ಹೊಸ್ತಿಲಲ್ಲಿ ನಿಂತು ಕತ್ತಲೆಗೆ ಮುಖ ಮಾಡಿ ಮೂರು ಸಲ ಕರೆದಳು. “ಅಮ್ಮ, ಉಲಾಯಿ ಬಲ.” ಒಳಗೆ ಬಾ ಅಮ್ಮ. ಕೋಣೆಯ ಬಾಗಿಲು ಎಳೆದು ಎಲ್ಲರೂ ಕಿವಿಗೊಟ್ಟೆವು. ಏನಾದರೂ ಕೇಳಬೇಕು. ನನ್ನ ಅಜ್ಜನನ್ನು ಕರೆದಾಗ ಚೆಂಬು ಉರುಳಿತ್ತು...

ಇಲ್ಲಿ ಏನೂ ಇಲ್ಲ. ಹಿರಿಯರು ಇನ್ನೊಮ್ಮೆ ಕರೆ ಅಂದರು. ಕರೆದಳು. ಮತ್ತೆ ಕರೆದಳು. ಸ್ವರ ಬಿದ್ದುಹೋಯಿತು ಹುಡುಗಿಗೆ.

ನನ್ನ ಪಕ್ಕದಲ್ಲಿ ಪ್ರಖ್ಯಾತ ಇದ್ದ. ಫೋನು ತೋರಿಸಿದ. ‘ವಿನೋದಾ: ಭಾನುವಾರ ರಾತ್ರಿಯಿಂದ ಒಳಗೆ.’ ಎಂಟು ಗಂಟೆ ಕಳೆದರೆ ಯಾರನ್ನೇ ಆದರೂ ತಾನಾಗಿ ಹೊರಗೆ ಹಾಕುವ ವ್ಯವಸ್ಥೆ ಅದು.

“ಹೆಸರು ತೆಗೆದುಬಿಡು ಮಾರಾಯ,” ನಾನು ಪಿಸುಗುಟ್ಟಿದೆ.

“ಮೂರು ಸಲ ತೆಗೆದೆ.”

ಅಷ್ಟರಲ್ಲಿ ಭವ್ಯಶ್ರೀ ನಮ್ಮ ಹತ್ತಿರ ಬಂದಳು. ಅಮ್ಮನ ಜೊತೆ ಕೆಲಸ ಮಾಡಿದವನಲ್ವಾ ಅಂತ ಅವನನ್ನೇ ಕೇಳಿದಳು.

“ಅಮ್ಮನಿಗೆ ನನ್ನ ಮೇಲೆ ಏನಾದರೂ ಸಿಟ್ಟಿತ್ತಾ?”

ಅವನು ಫೋನು ಮಗುಚಿ ಕಿಸೆಗೆ ಹಾಕಿದ.

ಬೆಳಿಗ್ಗೆ ಆ ಎಲೆ ಎತ್ತಲು ಅವಳ ಜೊತೆ ಕೈ ಜೋಡಿಸಿದವನು ನಾನು, ಆದ್ದರಿಂದ ಬೇರೆಯವರು ಹೇಳಿದ್ದಲ್ಲ ಇದು. ರಾತ್ರಿಯಿಡೀ ನೆಲದ ಮೇಲಿದ್ದ ಪಾಯಸಕ್ಕೆ ಒಂದು ಇರುವೆ ಕೂಡ ಬಂದಿರಲಿಲ್ಲ.