ಷರತ್ತು ದಾಟಿ ಉಳಿದದ್ದು

ಗಣಿತ ವಿಭಾಗದಲ್ಲಿ ಲಿಫ್ಟ್‌ಗೆ ಕಾಯುತ್ತಿದ್ದೆ. ಮುಂದೆ ಒಬ್ಬ ಪ್ರೊಫೆಸರು, ಪಕ್ಕದಲ್ಲಿ ಪಿಎಚ್‌ಡಿ ಪ್ರಬಂಧ ಎದೆಗವಚಿಕೊಂಡ ಅವರ ವಿದ್ಯಾರ್ಥಿನಿ.

“ಓದಿದ್ರಾ ಸರ್?”

“ಓದಿದೆ. ಲೆಕ್ಕದಲ್ಲಿ ಒಂದೂ ತಪ್ಪಿಲ್ಲ.”

“ಮತ್ತೆ?”

“ನಿನ್ನ ಇಂಟಿಗ್ರಲ್ ಟ್ರಾನ್ಸ್‌ಫಾರ್ಮ್ ನಿಲ್ಲಲಿ ಅಂತ ಅದರೊಳಗೆ ಹಾಕೋ ಟೆಸ್ಟ್ ಫಂಕ್ಷನ್‌ಗಳಿಗೆ ಷರತ್ತಿನ ಮೇಲೆ ಷರತ್ತು ಹಾಕಿದೀಯ. ಅಷ್ಟನ್ನೂ ದಾಟಿ ಉಳಿಯೋ ಫಂಕ್ಷನ್ ಸೊನ್ನೆ ಒಂದೇ.”

“ಅಂದ್ರೆ ಇಷ್ಟು ವರ್ಷ ನಾನು...”

“ಸೊನ್ನೆ ಬಗ್ಗೆ ಬರೆದೆ. ಚೆನ್ನಾಗೇ ಬರೆದಿದೀಯ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಎರಡನೇ ವರ್ಷವೇ.”

“ಒಂದು ಮಾತು ಹೇಳಬಹುದಿತ್ತಲ್ಲ ಸರ್.”

“ಹೇಳಿದ್ರೆ ನೀನು ಬಿಟ್ಟು ಹೋಗ್ತಿದ್ದೆ. ಆಮೇಲೆ ನನ್ನ ಕ್ಲಾಸ್‌ಗಳನ್ನ ಯಾರ ತಲೆಗೆ ಕಟ್ಟಲಿ?”

ಲಿಫ್ಟ್ ಬಂತು. ಅವರು ಒಳಗೆ ಹೋಗಿ, ಅವಳಿಗಾಗಿ ಬಾಗಿಲನ್ನು ಕೈಯಿಂದ ತಡೆದು ಹಿಡಿದರು.

“ನಾಳೆ ಬೆಳಗಿನ ಕ್ಲಾಸ್‌ಗೆ ನೀನೇ ಹೋಗ್ತೀಯಲ್ಲ?”

“ಹೋಗ್ತೀನಿ ಸರ್.”